ಅಕ್ಕ ಯಾಕೆ ಸಾಲಿ ಬಿಟ್ಟಳು?



ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಅನೇಕ ಶಾಲೆಗಳಲ್ಲಿ, ಅದರಲ್ಲೂ ಲಂಬಾಣಿ ತಾಂಡಾಗಳ ಶಾಲೆಗಳಲ್ಲಿ, ದಸರೆ ರಜೆ ಮುಗಿದ ಮೇಲೆ ಕೆಲವು ಹೆಸರು ಕೂಗಿದರೆ ಯಾರೂ ಓಗೊಡುವುದಿಲ್ಲ. ‘ದುಡಿಯಾಕ ಹೋಗ್ಯಾರ್ರೀ ಸರ್’ ಎಂದು ಪಕ್ಕದ ಹುಡುಗ ಹೇಳುತ್ತಾನೆ. ಮನೆಮಂದಿ ಕಬ್ಬು ಕಡಿಯಲು ಕೊಲ್ಹಾಪುರ, ಸಾಂಗ್ಲಿ ಕಡೆಗೋ, ಕಟ್ಟಡದ ಕೆಲಸಕ್ಕೆ ಗೋವಾಕ್ಕೋ ಹೋಗಿರುತ್ತಾರೆ.

ಹೆತ್ತವರಿಗೆ ಓದಿನ ಬೆಲೆ ತಿಳಿಯದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಮಾತು ತಪ್ಪು. ಕಬ್ಬಿನ ಗ್ಯಾಂಗಿನ ಲೆಕ್ಕವನ್ನೇ ನೋಡಿ. ಆಳುಗಳನ್ನು ಕರೆದೊಯ್ಯುವ ಮುಕಾದಮ ಮೊದಲೇ ಮುಂಗಡ ಕೊಡುತ್ತಾನೆ. ಅದು ಗಂಡಹೆಂಡಿರ ಜೋಡಿಗೆ ಕೊಟ್ಟ ಹಣ. ಹಾಗಾಗಿ ಹೆಂಡತಿ ಊರಲ್ಲಿ ಉಳಿಯುವಂತಿಲ್ಲ. ಅವಳು ಹೊರಟರೆ ಮೊಲೆ ಕುಡಿಯುವ ಕೂಸೂ ಹೊರಡಬೇಕು. ಕಬ್ಬಿನ ಗದ್ದೆಯಲ್ಲಿ ಆ ಕೂಸನ್ನು ನೋಡಿಕೊಳ್ಳುವವರು ಯಾರು? ನಾಲ್ಕನೆಯದೋ ಐದನೆಯದೋ ಓದುತ್ತಿರುವ ಅಕ್ಕ. ಕೂಲಿ ಕೊಡುವ ರೀತಿಯೇ ಆ ಹುಡುಗಿಯ ಪಾಟೀಚೀಲ ಕಸಿದುಕೊಂಡಿತು. ಹಂಗಾಮು ಮುಗಿದು ಅವಳು ತಿರುಗಿ ಬರುವ ಹೊತ್ತಿಗೆ ಶಾಲೆಯ ವರ್ಷವೂ ಮುಗಿಯುತ್ತಾ ಬಂದಿರುತ್ತದೆ.

ಅದೇ ಊರಲ್ಲಿ ನಿಂಬೆ ತೋಟವಿರುವ ಮನೆಯಲ್ಲೋ ನೌಕರಿದಾರರ ಮನೆಯಲ್ಲೋ ಅಷ್ಟೇ ವಯಸ್ಸಿನ ಇನ್ನೊಂದು ಮಗು ಇರುತ್ತದೆ. ನವೋದಯ, ಮೊರಾರ್ಜಿ, ಸೈನಿಕ ಶಾಲೆಗಳ ಆರನೇ ತರಗತಿ ಪ್ರವೇಶ ಪರೀಕ್ಷೆಗೆ ಅದನ್ನು ಕೋಚಿಂಗಿಗೆ ಹಾಕಿರುತ್ತಾರೆ. ಅರ್ಜಿ ತುಂಬುವವರು, ಮಾಸ್ತರರನ್ನು ಧೈರ್ಯವಾಗಿ ಪ್ರಶ್ನೆ ಕೇಳುವವರು ಆ ಮನೆಯಲ್ಲಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಅನೆಟ್ ಲರೋ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಮ್ಮ ದೇಶದ ಮನೆಗಳಲ್ಲೂ ಇಂಥದ್ದನ್ನೇ ಕಂಡರು. ಅನುಕೂಲಸ್ಥರು ಮಕ್ಕಳನ್ನು ಯೋಜನೆ ಹಾಕಿ ಬೆಳೆಸುತ್ತಾರೆ, ದುಡಿಯುವವರು ತಾವಾಗಿ ಬೆಳೆಯಲು ಬಿಡುತ್ತಾರೆ. ಪ್ರೀತಿ ಎರಡೂ ಕಡೆ ಇದೆ, ಆದರೆ ಶಾಲೆ ಮೊದಲಿನವರ ರೀತಿಯನ್ನೇ ಮೆಚ್ಚುತ್ತದೆ. ನಮ್ಮ ತಾಂಡಾದ ಮಗು ಮನೆಯಲ್ಲಿ ಲಂಬಾಣಿ, ಊರಲ್ಲಿ ಕನ್ನಡ, ಕಬ್ಬಿನ ಗದ್ದೆಯಲ್ಲಿ ಮರಾಠಿ ಆಡುತ್ತದೆ. ಅಷ್ಟು ಜಾಣತನಕ್ಕೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ.

ಹುಟ್ಟಿದ ಮನೆಯ ಕೊರತೆಯನ್ನು ಸಮಾಜ ತುಂಬಬಲ್ಲದು. ಶಾಲೆಯ ಬಿಸಿಯೂಟವೇ ಅದಕ್ಕೆ ಉದಾಹರಣೆ. 2002ರಲ್ಲಿ ರಾಜ್ಯದಲ್ಲಿ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಅಂದಿನ ಬಿಜಾಪುರವೂ ಒಂದು. 2021ರ ಡಿಸೆಂಬರಿನಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗಲೂ, ಅಪೌಷ್ಟಿಕತೆ ಹೆಚ್ಚಿರುವ ಕಾರಣಕ್ಕೆ, ವಿಜಯಪುರ ಮೊದಲ ಪಟ್ಟಿಯಲ್ಲಿತ್ತು. ಆದರೆ ಆ ಊಟ ಶಾಲೆಯಲ್ಲಿ ಕೂತ ಮಗುವಿಗೆ ಮಾತ್ರ ಸಿಗುತ್ತದೆ, ಗದ್ದೆಯಂಚಿನ ಗುಡಿಸಲಲ್ಲಿ ತಮ್ಮನನ್ನು ಆಡಿಸುವ ಅಕ್ಕನಿಗಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಹೆತ್ತವರು ದುಡಿಯಲು ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನ ವಸತಿನಿಲಯ ನಡೆಸಲು ಸರ್ಕಾರದ ಯೋಜನೆಯಲ್ಲಿ ಅವಕಾಶವಿದೆ. ಗ್ಯಾಂಗು ಹೊರಡುವ ಮೊದಲೇ ನಿಮ್ಮ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಅದನ್ನು ಕೇಳಿ, ಬೇಕಾದ ಮಕ್ಕಳ ಪಟ್ಟಿ ಕೊಡಿ. ತಿರುಗಿ ಬಂದ ಮಗುವಿನ ಬಳಿ ವರ್ಗಾವಣೆ ಪತ್ರ (ಟಿ.ಸಿ.) ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದು ಸ್ಪಷ್ಟವಾಗಿದೆ. ಆ ಮಗುವಿನ ಓದು ಬಾರದ ತಾಯಿಯ ಜೊತೆ ನೀವೂ ಶಾಲೆಯವರೆಗೆ ಹೋಗಿ ಬನ್ನಿ.