ನೀರಿನ ಸರದಿ, ಕಂಪ್ಯೂಟರಿನ ಸರದಿ

(ಮಾಸೂರಿನಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಾಸೂರು ಎಂದೊಡನೆ ಮದಗದ ಕೆರೆ ನೆನಪಾಗುತ್ತದೆ. ಯಾವುದೇ ಕೆರೆಯ ಕೆಳಗೆ ಒಂದು ಪ್ರಶ್ನೆ ಇದ್ದದ್ದೇ: ನೀರು ಒಂದೇ, ಹೊಲಗಳು ಹಲವು, ಯಾರ ಸರದಿ, ಎಷ್ಟು ಹೊತ್ತು? ಕಂಪ್ಯೂಟರಿನೊಳಗೂ ಇದೇ ಪ್ರಶ್ನೆ. ಪ್ರೊಸೆಸರ್‌ನ ಸಮಯವನ್ನು ನೂರಾರು ಕೆಲಸಗಳಿಗೆ ಹಂಚುವ ನೀರುಗಂಟಿಯನ್ನು ಲಿನಕ್ಸ್‌ನಲ್ಲಿ ಶೆಡ್ಯೂಲರ್ ಎನ್ನುತ್ತಾರೆ.

ಕೆಲವು ಕೆಲಸಗಳು ಕಾಯಲಾರವು. ಯಂತ್ರ ನಿಯಂತ್ರಣ, ಧ್ವನಿ ಮುದ್ರಣ ಕ್ಷಣ ತಡವಾದರೂ ಕೆಟ್ಟಂತೆಯೇ. ಅವಕ್ಕೆ 'ರಿಯಲ್ ಟೈಮ್' ದರ್ಜೆ ಕೊಡುತ್ತಾರೆ. ಆದ್ಯತೆ 1ರಿಂದ 99ರವರೆಗೆ. ಇಂಥ ಪ್ರೋಗ್ರಾಂ ದಾರಿ ತಪ್ಪಿ ಸುತ್ತುತ್ತ ಕುಳಿತರೆ ಉಳಿದದ್ದೆಲ್ಲ ನಿಲ್ಲುತ್ತದೆ. ಆದ್ದರಿಂದ ಕರ್ನಲ್ ಪ್ರತಿ 1 ಸೆಕೆಂಡಿನಲ್ಲಿ 0.05 ಸೆಕೆಂಡನ್ನು ಸಾಮಾನ್ಯ ಕೆಲಸಗಳಿಗೆ ಕಾದಿಡುತ್ತದೆ. ಈ ಮಿತಿಯನ್ನು ಅವಸರದಲ್ಲಿ ತೆಗೆಯಬೇಡಿ.

ಕೆಲಸಗಳನ್ನು ಗುಂಪು ಮಾಡಿ ಗುಂಪಿಗಿಷ್ಟು ಪಾಲು ಎಂದು ಹಂಚುವ 'ಕಂಟ್ರೋಲ್ ಗ್ರೂಪ್' ವ್ಯವಸ್ಥೆ 2008ರ ಜನವರಿಯಲ್ಲಿ ಲಿನಕ್ಸ್ 2.6.24ರೊಂದಿಗೆ ಬಂತು. ಇದರಲ್ಲಿ ಪ್ರೊಸೆಸರ್ ಸಮಯವನ್ನು ಗುಂಪುಗಳಿಗೆ ಹಂಚುವ ಭಾಗಕ್ಕೆ ಬೆಂಗಳೂರಿನ ಐಬಿಎಂ ಲಿನಕ್ಸ್ ಕೇಂದ್ರದಲ್ಲಿದ್ದ ಶ್ರೀವತ್ಸ ವಡ್ಡಗಿರಿಯವರು ದುಡಿದರು. ನೆನಪುಕೋಶದ ಹಂಚಿಕೆಗೆ ಅಲ್ಲಿಯವರೇ ಆದ ಬಲಬೀರ್ ಸಿಂಗ್ ದುಡಿದರು. ಲೋಕವೆಲ್ಲ ಬಳಸುವ ಈ ಕೆಲಸದಲ್ಲಿ ನಮ್ಮ ನಾಡಿನ ಪಾಲೂ ಇದೆ ಎಂಬುದನ್ನು ಮರೆಯಬೇಡಿ.

ಈಗ ನನ್ನ ಕಥೆ. ಹಿಂದೊಮ್ಮೆ ಒಂದು ಮಾಪನ ಪ್ರೋಗ್ರಾಮಿಗೆ ರಿಯಲ್ ಟೈಮ್ ದರ್ಜೆ ಕೇಳಿದೆ. 'ಅನುಮತಿ ಇಲ್ಲ' ಎಂಬ ಉತ್ತರ ಬಂತು. ಸರ್ವಾಧಿಕಾರವುಳ್ಳ ರೂಟ್ ಆಗಿ ಕೇಳಿದೆ, ಅದೇ ಉತ್ತರ. ಇಡೀ ವ್ಯವಸ್ಥೆಯನ್ನು ಎರಡು ಸಲ ಹೊಸದಾಗಿ ಹಾಕಿದೆ. ವಾರ ಕಳೆಯಿತು, ಕೆಲಸ ಒಪ್ಪಿಸುವ ದಿನವೂ ದಾಟಿತು. ಕೊನೆಗೆ ತಿಳಿಯಿತು: ಕೊರತೆ ಅಧಿಕಾರದ್ದಲ್ಲ, ಪಾಲಿನದು. ಹೊಸ ಗುಂಪಿಗೆ ರಿಯಲ್ ಟೈಮ್ ಪಾಲು ಮೊದಲಿಗೆ ಸೊನ್ನೆ. ಸೊನ್ನೆಯಲ್ಲಿ ನಿಂತು ರೂಟ್ ಕೇಳಿದರೂ ಸಿಗದು!

ನಿಮಗೂ ಹೀಗಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಪ್ರೋಗ್ರಾಂ ಯಾವ ಗುಂಪಿನಲ್ಲಿದೆ? 'ಪ್ರೋಕ್' ಕೋಶದಲ್ಲಿ ಅದರ ಸಂಖ್ಯೆಯ ಕೆಳಗಿರುವ 'ಸಿಗ್ರೂಪ್' ಕಡತ ಹೇಳುತ್ತದೆ.

ಎರಡು, ರಿಯಲ್ ಟೈಮ್ ಕೆಲಸಗಳನ್ನೂ ಗುಂಪುವಾರು ಹಂಚುವ ಆಯ್ಕೆ ನಿಮ್ಮ ಕರ್ನಲ್‌ನಲ್ಲಿದೆಯೇ? ಇಲ್ಲದಿದ್ದರೆ ಕಾರಣ ಬೇರೆ ಕಡೆ ಇದೆ.

ಮೂರು, ವ್ಯವಸ್ಥೆಯ ಆವೃತ್ತಿ ಯಾವುದು? ಮೊದಲನೆಯದಾದರೆ ಗುಂಪಿಗೆ ಪಾಲು ಬರೆಯಿರಿ. ಮೇಲಿನ ಗುಂಪಿನಲ್ಲಿ ಇರುವುದಕ್ಕಿಂತ ಹೆಚ್ಚು ಕೊಡಲಾಗದು. 2016ರಲ್ಲಿ ಬಂದ ಎರಡನೆಯದರಲ್ಲಿ ರಿಯಲ್ ಟೈಮ್ ಪಾಲು ಹಂಚುವ ಸೌಲಭ್ಯವಿಲ್ಲ. ಆ ಕೆಲಸಗಳನ್ನು ಮೂಲ ಗುಂಪಿಗೆ ಸೇರಿಸಿ.

ವಿದ್ಯಾರ್ಥಿಗಳೇ, ತೂಬು ತೆರೆದಿದ್ದರೂ ಹೊಲಕ್ಕೆ ನೀರು ಬಾರದಿದ್ದರೆ ರೈತ ಕೆರೆಯನ್ನು ಒಡೆಯುವುದಿಲ್ಲ. ಕಾಲುವೆಯ ಗುಂಟ ನಡೆದು ಎಲ್ಲಿ ತಡೆಯಾಗಿದೆ ಎಂದು ನೋಡುತ್ತಾನೆ. ನೀವೂ ಹಾಗೆಯೇ ನಡೆದು ನೋಡಿ. ನಾನು ಕಳೆದ ವಾರ ನಿಮಗೆ ಉಳಿಯಲಿ.