ಬಿಡುವಿಲ್ಲದವರ ವ್ಯಾಯಾಮ



ರಾಜ್ಯೋತ್ಸವದ ಈ ವೇದಿಕೆಯ ಮೇಲೆ ನಾಡುನುಡಿಗಳ ವಿಷಯವಾಗಿ ಬಲ್ಲವರು ಮಾತನಾಡುವರು. ನಮ್ಮ ಪಾಲಿಗೆ ಬಂದ ವಿಷಯ ಸಣ್ಣದು: ಸೈಕಲು. ಆದರೆ ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ತೀರ ಸಣ್ಣದೇನೂ ಅಲ್ಲ. ಊರಿನಲ್ಲಿ ಮನೆಯ ಯಜಮಾನರು ಹಾಸಿಗೆ ಹಿಡಿದರೆ ಅಣ್ಣತಮ್ಮಂದಿರು, ಕಾಕಾ, ಮಾಮಾ ಎಲ್ಲರೂ ಓಡಿ ಬರುತ್ತಾರೆ. ಇಲ್ಲಿ ಎರಡು ಕೋಣೆಯ ಮನೆಯಲ್ಲಿ ದುಡಿಯುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಅವರು ಕುಸಿದರೆ ಮಕ್ಕಳ ಶಾಲೆ, ಮನೆ ಬಾಡಿಗೆ, ಊರಿನ ತಾಯಿತಂದೆಗಳಿಗೆ ಕಳಿಸುವ ಹಣ ಎಲ್ಲಕ್ಕೂ ಒಮ್ಮೆಲೆ ಕುತ್ತು. ಆದುದರಿಂದ ಮೈಯನ್ನು ಗಟ್ಟಿಯಾಗಿಟ್ಟುಕೊಳ್ಳುವುದೂ ಸಂಸಾರದ ಹೊಣೆಗಳಲ್ಲಿ ಒಂದೆಂದು ನಾವು ತಿಳಿದಿದ್ದೇವೆ.

“ವ್ಯಾಯಾಮ ಮಾಡಬೇಕು ನಿಜ, ಹೊತ್ತೆಲ್ಲಿದೆ?” ಎಂದು ಕೇಳುವವರೇ ಬಹಳ. ಪ್ರಶ್ನೆ ನ್ಯಾಯವಾದದ್ದೇ. ಕಚೇರಿಯ ಕುರ್ಚಿಯಲ್ಲಿ ಎಂಟು ತಾಸು ಕಳೆಯುತ್ತದೆ. ಹೋಗಿ ಬರುವುದರಲ್ಲಿ ಮತ್ತಷ್ಟು. ಉಳಿದದ್ದು ಮಕ್ಕಳ ಪಾಠಕ್ಕೆ, ಸಂತೆಗೆ. ದಿನಕ್ಕೆ ಇಪ್ಪತ್ತೈದನೆಯ ತಾಸನ್ನು ಯಾರೂ ತರಲಾರರು. ಆದರೆ ಹೇಗೂ ಖರ್ಚಾಗುವ ಹೊತ್ತನ್ನು ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಜಮೆ ಮಾಡಬಹುದು. ಲೆಕ್ಕ ನೋಡಿರಿ. ಮನೆಯಿಂದ ಕಚೇರಿಗೆ ೬ ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ತಾಸಿಗೆ ೧೫ ಕಿಲೋಮೀಟರಿನಂತೆ ಹೋದರೆ ೨೪ ನಿಮಿಷ. ಹೋಗಿ ಬರಲು ೪೮. ವಾರದ ಐದು ದಿನಕ್ಕೆ ೨೪೦ ನಿಮಿಷ, ಅಂದರೆ ನಾಲ್ಕು ತಾಸು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಗಳಂತೆ ಬೆಳೆದವರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಶ್ರಮ ಬೇಕು. ಬಸ್ಸಿಗೆ ಕಾಯುವ, ಸಿಗ್ನಲಿನಲ್ಲಿ ಹೊಗೆ ಕುಡಿಯುವ ಹೊತ್ತಿನಲ್ಲೇ ಆ ಬಾಕಿ ತೀರಿತು! ಕಚೇರಿ ತೀರ ದೂರವಿದ್ದವರು ಬೆಳಗಿನ ಅರ್ಧ ತಾಸನ್ನು ವಾರಕ್ಕೆ ಐದು ದಿನ ಕೊಟ್ಟರೂ ೧೫೦ ನಿಮಿಷ ತುಂಬುತ್ತದೆ.

ಇನ್ನು ದಮ್ಮಿನ ಮಾತು. ದಮ್ಮು ಅವಸರಕ್ಕೆ ಒಲಿಯುವುದಿಲ್ಲ. ತುಳಿಯುವಾಗ ಪಕ್ಕದವರೊಡನೆ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ಹದ. ಈ ಹದದಲ್ಲಿ ಕೆಲವು ವಾರ ಬಿಡದೆ ತುಳಿದರೆ ಹೃದಯವು ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ನೂಕತೊಡಗುತ್ತದೆ. ಸ್ನಾಯುಗಳಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆರು ದಿನ ಕುಳಿತು ರವಿವಾರ ಒಂದೇ ಸಲ ಸಿಂಹಗಡ ಹತ್ತಲು ಹೋದರೆ ಮೊಣಕಾಲು ನೋವಷ್ಟೇ ಲಾಭ. ತಿಂಗಳು ತಿಂಗಳು ಕಟ್ಟುವ ಠೇವಣಿಯಂತೆ ಇದು. ಕಂತು ಸಣ್ಣದಿರಲಿ, ತಪ್ಪದಿರಲಿ.

ಸಕ್ಕರೆ ಕಾಯಿಲೆಯವರಿಗಂತೂ ಕಂತು ತಪ್ಪಲೇಬಾರದು. ಕೆಲಸಮಾಡುವ ಸ್ನಾಯು ರಕ್ತದೊಳಗಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಇನ್ಸುಲಿನ್ನಿನ ಕೆಲಸ ಹಗುರಾಗುತ್ತದೆ. ಆದರೆ ಈ ಫಲ ಒಂದೆರಡು ದಿನಗಳಲ್ಲಿ ಕರಗಿಹೋಗುತ್ತದೆ. ಅದಕ್ಕೇ ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದೆಂದು ವೈದ್ಯರು ಹೇಳುವುದು. ನಮ್ಮ ಗುಂಪಿನಲ್ಲಿ ಇದನ್ನು ಎಲ್ಲರಿಗೂ ಕಟ್ಟಳೆಯಾಗಿ ಇಟ್ಟುಕೊಂಡಿದ್ದೇವೆ. ಮಾರ್ಚ್ ಕೊನೆಯ ಲೆಕ್ಕಪತ್ರವಿರಲಿ, ಮಕ್ಕಳ ಪರೀಕ್ಷೆಯಿರಲಿ, ಬೀಗರು ಬಂದಿರಲಿ: ಒಂದು ದಿನ ತಪ್ಪಬಹುದು, ಎರಡು ದಿನ ತಪ್ಪಬಹುದು, ಮೂರನೆಯ ದಿನ ಹದಿನೈದೇ ನಿಮಿಷವಾದರೂ ಸೈಕಲು ಹೊರಗೆ ಬರಬೇಕು. ಸಕ್ಕರೆಗೆ, ರಕ್ತದೊತ್ತಡಕ್ಕೆ ಔಷಧಿ ತಕ್ಕೊಳ್ಳುವವರು, ಎದೆನೋವು ಕಂಡವರು ಮೊದಲು ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು. ಇನ್ಸುಲಿನ್ ಚುಚ್ಚಿಕೊಳ್ಳುವವರ ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಲೇಬೇಕು.

ಸೈಕಲು ದುಬಾರಿಯದಾಗಬೇಕಿಲ್ಲ, ಮೈಗೆ ಒಪ್ಪಬೇಕು. ಪೆಡಲು ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಸೀಟಿನ ಎತ್ತರ ಅಷ್ಟಿರಲಿ. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ತಲೆಗೆ ಹೆಲ್ಮೆಟ್ಟು, ಹಿಂದೆ ಕೆಂಪು ದೀಪ, ಚೀಲದಲ್ಲಿ ಇನ್ನೊಂದು ಅಂಗಿ, ಇಷ್ಟಿದ್ದರೆ ಕಚೇರಿಯ ದಾರಿಗೆ ಸಾಕು. “ಸೈಕಲಿನಲ್ಲಿ ಬಂದರೆ ಜನ ಏನೆಂದಾರು?” ಎಂಬ ಸಂಕೋಚ ಬೇಡ. ಈ ಪುಣೆ ಒಂದು ಕಾಲಕ್ಕೆ ಸೈಕಲುಗಳ ಊರೆಂದೇ ಹೆಸರಾಗಿತ್ತು.

ತಾಯಂದಿರಿಗೆ ಒಂದು ಮಾತು. ಮನೆಗೆಲಸವೇ ಅವರಿಗೆ ವ್ಯಾಯಾಮವೆಂದು ಗಂಡಸರು ಹೇಳಿ ಕೈತೊಳೆದುಕೊಳ್ಳುವುದುಂಟು. ಒಲೆಯ ಮುಂದೆ ನಿಂತರೆ ಕಾಲು ದಣಿಯುತ್ತದೆಯೇ ಹೊರತು ದಮ್ಮು ಬೆಳೆಯುವುದಿಲ್ಲ. ನಮ್ಮಲ್ಲಿ ಒಬ್ಬ ಅಕ್ಕನವರು ನಲವತ್ತು ದಾಟಿದ ಮೇಲೆ ಮಗಳಿಂದ ಸೈಕಲು ಕಲಿತರು. ಈಗ ಕಾಯಿಪಲ್ಲೆ ತರುವುದೆಲ್ಲ ಸೈಕಲಿನ ಮೇಲೆಯೇ. ಮನೆಯಾಕೆ ತುಳಿದು ಬರುವ ಅರ್ಧ ತಾಸು ಚಹಾದ ಪಾತ್ರೆಯನ್ನೂ ಮಕ್ಕಳ ಡಬ್ಬಿಯನ್ನೂ ಯಜಮಾನರು ನೋಡಿಕೊಳ್ಳಲಿ.

ನಿತ್ಯದ ಅಭ್ಯಾಸ ಕುದುರಿದ ಮೇಲೆ ರವಿವಾರದ ದೂರ. ಮೊದಲು ೨೦ ಕಿಲೋಮೀಟರ್. ಆಮೇಲೆ ವಾರಕ್ಕೆ ಹತ್ತರಲ್ಲೊಂದು ಪಾಲು ಏರಿಸುವುದು, ನಾಲ್ಕನೆಯ ವಾರ ಇಳಿಸಿ ವಿಶ್ರಾಂತಿ ಕೊಡುವುದು. ಸವಾರಿ ಒಂದೂವರೆ ತಾಸು ಮೀರುವಂತಿದ್ದರೆ ಹಸಿವಾಗುವ ಮೊದಲೇ ಬಾಳೆಹಣ್ಣೋ ಶೇಂಗಾ ಉಂಡಿಯೋ ತಿನ್ನಬೇಕು. ದೂರದ ಸವಾರಿಗೆ ವೇಗ ಬೇಕೆಂಬುದು ಹಲವರ ಭ್ರಮೆ. ಫ್ರಾನ್ಸಿನಿಂದ ಬಂದ ‘ಬ್ರೆವೆ’ ಎಂಬ ಸವಾರಿಗಳು ಈಗ ನಮ್ಮ ದೇಶದಲ್ಲೂ ನಡೆಯುತ್ತವೆ. ಅಲ್ಲಿ ೨೦೦ ಕಿಲೋಮೀಟರಿಗೆ ೧೩ ತಾಸು ೩೦ ನಿಮಿಷ, ೩೦೦ಕ್ಕೆ ೨೦ ತಾಸು ಅವಕಾಶ. ಮೊದಲನೆಯ ಸ್ಥಾನ, ಎರಡನೆಯ ಸ್ಥಾನ ಎಂಬುದಿಲ್ಲ. ವೇಳೆಯೊಳಗೆ ಮುಗಿಸಿದವರೆಲ್ಲ ಗೆದ್ದವರೇ. ಊಟ, ಚಹಾ ಸೇರಿ ತಾಸಿಗೆ ೧೫ ಕಿಲೋಮೀಟರಿನ ಸರಾಸರಿ ಸಾಕು. ಅದು ನಾವು ಕಚೇರಿಗೆ ಹೋಗುವ ವೇಗವೇ! ಅದನ್ನೇ ದಿನವಿಡೀ ತಾಳಿಕೊಳ್ಳುವುದರಲ್ಲಿ ಇರುವುದು ದಮ್ಮು.

ನಮ್ಮ ರವಿವಾರದ ಮೊದಲ ಗುರಿ ಖಡಕವಾಸಲಾ. ಸ್ವಾರಗೇಟಿನಿಂದ ಹೋಗಿ ಬಂದರೆ ೩೦ ಕಿಲೋಮೀಟರ್ ಮೀರುತ್ತದೆ. ಇದೇ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ೧೯೦೩ರಲ್ಲಿ ಮೊದಲಿಗೆ ಕೂಡಿಸಿದ್ದು ಆ ಕೆರೆಗೇ. ೧೮೬೧ರಲ್ಲಿ ಹುಟ್ಟಿ ೧೯೬೨ರ ತನಕ ಬಾಳಿದ ಆ ಹಿರಿಯರ ಶಿಸ್ತಿನ ದಿನಚರಿ ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲಿಂದ ಮುಂದಿನ ಗುರಿ ಕಾತ್ರಜ ಘಾಟಿನ ಹಳೆಯ ದಾರಿ. ಅದಾದ ಮೇಲೆ, ಸುಮಾರು ೧೧೦ ಕಿಲೋಮೀಟರ್ ದೂರದ ಸಾತಾರೆ. ಅದೇ ದಾರಿ ಕರಾಡ, ಕೊಲ್ಹಾಪುರ ದಾಟಿ ನಿಪ್ಪಾಣಿಯಲ್ಲಿ ನಮ್ಮ ನಾಡನ್ನು ಸೇರುತ್ತದೆ. ನಿಪ್ಪಾಣಿಯ ತನಕ ಎಲ್ಲರೂ ಹೋಗಬೇಕೆಂದಿಲ್ಲ. ಅಷ್ಟು ದೂರದ ಊರಿಗೆ ನಮ್ಮನ್ನು ನಂಬಿ ಕುಳಿತ ತಾಯಿತಂದೆಗಳಿದ್ದಾರೆ. ಅವರಿಗಾಗಿ ದಿನಕ್ಕೆ ೬ ಕಿಲೋಮೀಟರಾದರೂ ತುಳಿಯೋಣ.

ಮಳೆ ನಿಂತಿದೆ, ಚಳಿ ಹಿತವಾಗಿದೆ. ತೊಡಗಲು ನವೆಂಬರಿಗಿಂತ ಒಳ್ಳೆಯ ತಿಂಗಳಿಲ್ಲ. ಪ್ರತಿ ರವಿವಾರ ಬೆಳಗಿನ ೬ ಗಂಟೆಗೆ ನಾವು ಸ್ವಾರಗೇಟಿನಿಂದ ಹೊರಡುತ್ತೇವೆ. ಎಲ್ಲರಿಗಿಂತ ನಿಧಾನವಾಗಿ ತುಳಿಯುವವರ ವೇಗವೇ ಗುಂಪಿನ ವೇಗ. ತಾವೆಲ್ಲರೂ ಬರಬೇಕೆಂದು ಬಿನ್ನವಿಸುತ್ತೇವೆ.