ಕದಡಿದ ಬಾಟಲಿ

ಬೆಳಗಿನ ಗೋ ರೈಲಿನಲ್ಲಿ ನಮ್ಮ ಜಾರ್ಜ್‌ಟೌನ್‌ನಿಂದ ಟೊರಾಂಟೋಗೆ ಹೋಗುವವರೆಲ್ಲ ಆಫೀಸಿನವರೇ ಅಂದುಕೊಳ್ಳಬೇಡಿ. ಮಾಸ್ಕ್ ಹಾಕಿದ ಪುಟ್ಟ ಮಗು, ಪಕ್ಕದಲ್ಲಿ ಗುಳಿಗೆ ಡಬ್ಬಿ ಹಿಡಿದ ತಾಯಿ ಕಂಡರೆ, ಸಿಕ್‌ಕಿಡ್ಸ್ ಆಸ್ಪತ್ರೆಗೆ ರಕ್ತ ಕೊಡೋಕೆ ಹೊರಟಿದ್ದಾರೆ ಅಂತ ನಾನು ಊಹಿಸಿಬಿಡುತ್ತೇನೆ. ಅಂಗಾಂಗ ಕಸಿಯಾದ ಮಕ್ಕಳಿಗೆ, ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ನೋಡುವ ದಿನ, ರಕ್ತ ತೆಗೆಯುವ ತನಕ ಬೆಳಗಿನ ಗುಳಿಗೆ ಕೊಡುವ ಹಾಗಿಲ್ಲ. ಅದಕ್ಕೇ ಡಬ್ಬಿ ಕೈಯಲ್ಲೇ. ಬಹಳ ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದವನ ಕಣ್ಣು, ಏನು ಮಾಡೋದು!

ರಕ್ತ ತುಂಬುವ ಟ್ಯೂಬುಗಳಲ್ಲಿ ನೇರಳೆ ಮುಚ್ಚಳದ್ದೊಂದು ಇರುತ್ತದಲ್ಲ, ಅದರಲ್ಲಿ ಹುಡುಕುವುದು ಎಪ್‌ಸ್ಟೈನ್-ಬಾರ್ ವೈರಸ್ಸನ್ನು. ಊರಿನಲ್ಲಿ ಅಜ್ಜಿ ಕಚ್ಚಿ ಕೊಟ್ಟ ಮಾವಿನಕಾಯಿ ತಿಂದು ಬೆಳೆದ ನಮಗೆಲ್ಲ ಅದು ಎಂದೋ ಎಂಜಲಿನ ಜೊತೆ ಬಂದು, ಸದ್ದಿಲ್ಲದೆ ಒಳಗೇ ಬಿಡಾರ ಹೂಡಿರುತ್ತೆ.

ಇದರ ಕಥೆ ಶುರುವಾಗುವುದು ಉಗಾಂಡದಲ್ಲಿ. ಡೆನಿಸ್ ಬರ್ಕಿಟ್ ಅಂತ ಒಬ್ಬ ಐರಿಷ್ ಸರ್ಜನ್. ಬಾಲ್ಯದಲ್ಲೇ ಒಂದು ಕಣ್ಣು ಕಳಕೊಂಡವರು. ಮಕ್ಕಳ ದವಡೆಯಲ್ಲಿ ಊದಿಕೊಳ್ಳುವ ವಿಚಿತ್ರ ಗೆಡ್ಡೆಯ ಬಗ್ಗೆ 1958ರಲ್ಲಿ ಬರೆದರು. ಹಳೇ ಕಾರೊಂದರಲ್ಲಿ ಹತ್ತು ಸಾವಿರ ಮೈಲಿ ಸುತ್ತಿ, ಅದು ಎಲ್ಲೆಲ್ಲಿ ಇದೆ ಅಂತ ನಕ್ಷೆ ಮಾಡಿದರು. 1961ರಲ್ಲಿ ಲಂಡನ್ನಿನಲ್ಲಿ ಅವರ ಭಾಷಣ ಕೇಳಿದ ಸಂಶೋಧಕ ಆಂಟನಿ ಎಪ್‌ಸ್ಟೈನ್‌ಗೆ, ಇದರ ಹಿಂದೆ ವೈರಸ್ ಇರಬೇಕು ಅನ್ನಿಸಿಬಿಟ್ಟಿತು. ಗೆಡ್ಡೆಯ ತುಣುಕುಗಳು ಕಂಪಾಲಾದಿಂದ ವಿಮಾನದಲ್ಲಿ ಬರತೊಡಗಿದವು. ಎರಡು ವರ್ಷ ಏನೂ ಸಿಗಲಿಲ್ಲ.

1963ರ ಡಿಸೆಂಬರ್. ಲಂಡನ್ನಿನಲ್ಲಿ ಮಂಜು, ವಿಮಾನ ಮ್ಯಾಂಚೆಸ್ಟರಿಗೆ ತಿರುಗಿತು. ಗೆಡ್ಡೆಯ ತುಣುಕಿದ್ದ ಬಾಟಲಿ ತಡವಾಗಿ ಬಂದಾಗ ಅದರ ದ್ರವ ಕದಡಿತ್ತು. ಬೇರೆಯವರಾಗಿದ್ದರೆ ಕೊಳೆತಿದೆ ಅಂತ ಸಿಂಕಿಗೆ ಸುರಿಯುತ್ತಿದ್ದರು. ಎಪ್‌ಸ್ಟೈನ್ ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿಟ್ಟರು. ಬ್ಯಾಕ್ಟೀರಿಯ ಅಲ್ಲ ಸ್ವಾಮಿ, ದಾರಿಯುದ್ದಕ್ಕೂ ಕುಲುಕಾಡಿ ಗೆಡ್ಡೆಯಿಂದ ಕಳಚಿದ ಜೀವಂತ ಕೋಶಗಳು, ತೇಲುತ್ತಾ ಇದ್ದವು! ಅವನ್ನು ತಮ್ಮ ಲ್ಯಾಬಿನ ಇವೊನ್ ಬಾರ್ ಜೊತೆ ಬೆಳೆಸಿದರು. ಫೆಬ್ರುವರಿಯಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ವೈರಸ್ ಕಂಡಾಗ, ಮೆಷಿನ್ ಆಫ್ ಮಾಡಿ, ಕೋಟೂ ಹಾಕದೆ ಹಿಮದಲ್ಲಿ ಒಂದು ಸುತ್ತು ನಡೆದು ಬಂದರಂತೆ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಎಂಬತ್ತರ ದಶಕದಲ್ಲಿ ಸೈಕ್ಲೋಸ್ಪೋರಿನ್ ಬಂತು, ಕಸಿ ಮಾಡಿದ ಅಂಗಗಳು ದೇಹದಲ್ಲಿ ನೆಲೆಸತೊಡಗಿದವು. ಆದರೆ ದೇಹದ ಕಾವಲನ್ನು ಮಲಗಿಸುವ ಔಷಧಿ ಅದು. ವೈರಸ್ಸನ್ನೇ ಕಾಣದ ಮಗುವಿಗೆ ದೊಡ್ಡವರ ಲಿವರ್ ಹಾಕಿದರೆ, ಲಿವರಿನ ಜೊತೆ ವೈರಸ್ಸೂ ಬಂತು. ಕಾವಲಿಲ್ಲದ ಮನೆಯಲ್ಲಿ ಅದು ಲಿಂಫೋಮಾ ಅನ್ನುವ ಕ್ಯಾನ್ಸರಿನವರೆಗೂ ಹೋಗಬಹುದು. ಔಷಧಿ ತಗ್ಗಿಸಿದರೆ ಗೆಡ್ಡೆ ಕರಗಬಲ್ಲದು ಅಂತ 1984ರಲ್ಲಿ ಕಸಿ ಸರ್ಜನ್ ಥಾಮಸ್ ಸ್ಟಾರ್ಜ್ಲ್ ತಂಡ ತೋರಿಸಿತು. ಅಂದರೆ ಮೊದಲೇ ಗೊತ್ತಾಗಬೇಕು. ಪಿಸಿಆರ್ ಪರೀಕ್ಷೆ ಬಂದ ಮೇಲೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಎಣಿಸುವುದು ಸಾಧ್ಯವಾಯಿತು.

ಎಣಿಕೆ ಅಂದೆ, ಆದರೆ ಒಂದೇ ರಕ್ತಕ್ಕೆ ಒಂದು ಲ್ಯಾಬು ಸಾವಿರ ಅಂದರೆ ಇನ್ನೊಂದು ಲಕ್ಷ ಅನ್ನುತ್ತಿತ್ತು. ಸೇರಿಗೂ ಪಾವಿಗೂ ವ್ಯತ್ಯಾಸವಿಲ್ಲದ ಸಂತೆ! ವಿಶ್ವ ಆರೋಗ್ಯ ಸಂಸ್ಥೆ ಒಂದು ಅಳತೆ ಗೊತ್ತು ಮಾಡಿದ್ದು 2011ರಲ್ಲಿ. ಈಗಲೂ ಅಂಕಿ ಏರಿದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ಕೆಲವು ಮಕ್ಕಳು ಏರಿದ ಅಂಕಿಯಲ್ಲೇ ಆಡಿಕೊಂಡಿರುತ್ತಾರೆ. ಒಂದು ಸಲದ ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನೋದು ಮುಖ್ಯ. ಕತ್ತಿನ ಗಂಟು, ಬಿಡದ ಜ್ವರ ಇದ್ದರೆ ಕೊನೆಗೆ ಬಯಾಪ್ಸಿಯೇ ಹೇಳಬೇಕು.

ನನಗೊಂದು ಕೊರಗು ಇದೆ. ವೈರಸ್ ಕಂಡದ್ದನ್ನು ಜಗತ್ತಿಗೆ ತಿಳಿಸಿದ 1964ರ ಲೇಖನದಲ್ಲಿ ಇದ್ದದ್ದು ಮೂರು ಹೆಸರು. ಎರಡನೆಯದು ಬರ್ಟ್ ಅಚಾಂಗ್, ಟ್ರಿನಿಡಾಡಿನವರು. ಆ ಕೋಶಗಳಿಗೆ ಎಪ್‌ಸ್ಟೈನ್, ಬಾರ್ ಇಬ್ಬರ ಅಕ್ಷರ ಇಟ್ಟಿದ್ದರು, ವೈರಸ್ಸಿಗೂ ಅದೇ ಅಂಟಿಕೊಂಡಿತು. ಬಾರ್ ಮುಂದೆ ಆಸ್ಟ್ರೇಲಿಯಾದಲ್ಲಿ ಶಾಲಾ ಟೀಚರ್ ಆದರು. ರಿಪೋರ್ಟಿನಲ್ಲಿ ಇಬಿವಿ ಅಂತ ಮೂರೇ ಅಕ್ಷರ. ಅಚಾಂಗ್‌ಗೆ ಅಲ್ಲಿ ಜಾಗವೇ ಇಲ್ಲ.